ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬಾಳುವ ಹೂಗಿಡಗಳು: ಮೈಸೂರು–ಮಂಡ್ಯದ ಅಂಗಳಕ್ಕೆ ಆಯ್ಕೆ, ನಾಟಿ, ಆರೈಕೆ

ಮುಂಗಾರು ಹತ್ತಿರ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ. "ವರ್ಷ ವರ್ಷ ಸಸಿ ತಂದು ತಂದು ಸಾಕಾಗಿದೆ. ಒಂದು ಸಲ ನೆಟ್ಟರೆ ಐದಾರು ವರ್ಷ ಹೂ ಕೊಡುವಂಥ ಗಿಡ ಯಾವುದು ಹೇಳಿ." ಅದರ ಬೆನ್ನಿಗೇ ಇನ್ನೊಂದು: "ನರ್ಸರಿಯಿಂದ ತಂದಾಗ ಚೆನ್ನಾಗಿತ್ತು, ಯುಗಾದಿ ಹೊತ್ತಿಗೆ ಒಣಗಿಹೋಯಿತು. ಯಾಕೆ?"

ಎರಡಕ್ಕೂ ಉತ್ತರ ಬೇರಿನಲ್ಲಿದೆ. ವರ್ಷಗಟ್ಟಲೆ ಬಾಳುವ ಗಿಡಕ್ಕೆ, ಅಂದರೆ ಬಹುವಾರ್ಷಿಕಕ್ಕೆ, ನಮ್ಮ ಕಡೆ ಎರಡು ಪರೀಕ್ಷೆಗಳಿವೆ. ಒಂದು, ಮಾರ್ಚ್–ಏಪ್ರಿಲ್‌ನ ಒಣ ಬಿಸಿಲು. ಇನ್ನೊಂದು, ಸೆಪ್ಟೆಂಬರ್–ಅಕ್ಟೋಬರ್‌ನ ಬಿಡದ ಮಳೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700ರಿಂದ 800 ಮಿಲಿಮೀಟರ್ ಮಳೆ ಅಷ್ಟೇ. ಆದರೆ ಅದರಲ್ಲಿ ದೊಡ್ಡ ಪಾಲು ಮೇ ತಿಂಗಳಲ್ಲಿ ಒಮ್ಮೆ, ಹಸ್ತ–ಚಿತ್ತೆ ಮಳೆಯ ಹೊತ್ತಿಗೆ ಇನ್ನೊಮ್ಮೆ ಸುರಿಯುತ್ತದೆ. ಬಿಸಿಲಿಗೆ ಸತ್ತ ಗಿಡ ನಮ್ಮ ಕಣ್ಣಿಗೆ ಬೀಳುತ್ತದೆ. ಅಕ್ಟೋಬರ್‌ನಲ್ಲಿ ಬೇರು ಕೊಳೆತು, ಏಪ್ರಿಲ್‌ನಲ್ಲಿ ಒಣಗುವ ಗಿಡಗಳೇ ಅದಕ್ಕಿಂತ ಹೆಚ್ಚು. ಅಂಥವಕ್ಕೆ ಬೇಸಿಗೆಯಲ್ಲಿ ಎಷ್ಟು ನೀರು ಹೊಯ್ದರೂ ಪ್ರಯೋಜನವಿಲ್ಲ, ನೀರು ಹೀರುವ ಬೇರೇ ಉಳಿದಿರುವುದಿಲ್ಲ.

ಆದ್ದರಿಂದ ಗಿಡ ಆರಿಸುವ ಮುಂಚೆ ಜಾಗ ನೋಡಬೇಕು.

1. ಜಾಗದ ನೀರು, ಬಿಸಿಲು ಪರೀಕ್ಷಿಸಿ

ಗಿಡ ನೆಡಬೇಕೆಂದಿರುವ ಕಡೆ ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ. ಅದರ ತುಂಬ ನೀರು ಹೊಯ್ಯಿರಿ. ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ, ಈಗ ಹೊತ್ತು ನೋಡಿಕೊಳ್ಳಿ. ಮೂರ್ನಾಲ್ಕು ಗಂಟೆಯಲ್ಲಿ ಇಂಗಿದರೆ ಜಾಗ ಚೆನ್ನಾಗಿದೆ. ಸಂಜೆ ತುಂಬಿದ್ದು ಬೆಳಿಗ್ಗೆಯೂ ನಿಂತಿದ್ದರೆ ನೆಲಮಟ್ಟದಲ್ಲಿ ಏನನ್ನೂ ನೆಡಬೇಡಿ, ಏರುಮಡಿಯೇ (ನೆಲಕ್ಕಿಂತ ಎತ್ತರಿಸಿ ಕಟ್ಟಿದ ಮಡಿ) ಬೇಕು. ಹದಿನೈದಿಪ್ಪತ್ತು ನಿಮಿಷದಲ್ಲೇ ಖಾಲಿಯಾದರೆ ಅದು ನೊರಜು ಮಣ್ಣು, ಅಂದರೆ ಸಣ್ಣ ಕಲ್ಲು ಬೆರೆತದ್ದು. ಗೊಬ್ಬರ ಹೆಚ್ಚು ಬೇಕು, ಬೇಸಿಗೆಯಲ್ಲಿ ಮುಚ್ಚಿಗೆ, ಅಂದರೆ ಬುಡದ ಮಣ್ಣಿಗೆ ಒಣ ಎಲೆ–ತರಗಿನ ಹೊದಿಕೆ, ಇರಲೇಬೇಕು.

ಮೈಸೂರಿನ ಹೊಸ ಬಡಾವಣೆಗಳಲ್ಲಿ ಕೆಂಪು ಮಣ್ಣೇ ಹೆಚ್ಚು, ನೀರು ಚೆನ್ನಾಗಿ ಇಂಗುತ್ತದೆ. ಅಲ್ಲಿನ ತೊಂದರೆ ಬೇರೆ. ಮನೆ ಕಟ್ಟಿದಾಗ ಉಳಿದ ಸಿಮೆಂಟು, ಗಾರೆ, ಇಟ್ಟಿಗೆ ಚೂರು ಎಲ್ಲವನ್ನೂ ಕಾಂಪೌಂಡಿನ ಒಳಗೇ ಹೂತು, ಮೇಲೊಂದು ಪದರ ಕೆಂಪು ಮಣ್ಣು ಹಾಸಿರುತ್ತಾರೆ. ಸಿಮೆಂಟಿನ ಸುಣ್ಣದಿಂದ ಮಣ್ಣಿನ ಕ್ಷಾರ ಏರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಎಲೆಯ ನರ ಹಸಿರಾಗಿಯೇ ಉಳಿದು, ನಡುವೆ ಹಳದಿ ತಿರುಗುತ್ತದೆ. ಒಂದೂವರೆ ಅಡಿ ಅಗೆದು ಆ ಕಸವನ್ನು ತೆಗೆದು ಹೊರಗೆ ಹಾಕಿ. ಈ ಒಂದು ದಿನದ ದುಡಿಮೆ ಮುಂದೆ ಹಾಕುವ ಎಷ್ಟೋ ಗೊಬ್ಬರ, ಔಷಧಿಗಿಂತ ದೊಡ್ಡದು.

ಮಂಡ್ಯ ಕಡೆ, ಅದರಲ್ಲೂ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಗದ್ದೆ ಪಕ್ಕದ ಮನೆಗಳಿಗೆ ಇನ್ನೊಂದು ಕಷ್ಟ. ನಾಲೆಗೆ ನೀರು ಬಿಟ್ಟ ಮೇಲೆ ತಗ್ಗಿನಲ್ಲಿ ನೆಲದಡಿಯ ನೀರು ಮೇಲೇರುತ್ತದೆ. ಮೇಲೆ ಮಣ್ಣು ಒಣಗಿದಂತೆ ಕಂಡರೂ ಒಂದಡಿ ಕೆಳಗೆ ಕೆಸರು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಚೌಳು, ಅಂದರೆ ಉಪ್ಪೇರಿದ ಮಣ್ಣು. ಹಾಗಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಮಂಡ್ಯದವರು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ನಂಜನಗೂಡು–ಮೈಸೂರು ಕಡೆಯವರು ಸುತ್ತೂರಿನ ಕೇಂದ್ರದಲ್ಲಿ ವಿಚಾರಿಸಬಹುದು. ವರದಿಯಲ್ಲಿ ರಸಸಾರ ಅನ್ನುವ ಅಂಕಿ ನೋಡಿ. ಅದು ಮಣ್ಣಿನ ಹುಳಿ–ಕ್ಷಾರದ ಅಳತೆ. 6ರಿಂದ 7.5 ಇದ್ದರೆ ಬಹುತೇಕ ಹೂಗಿಡಗಳು ಬರುತ್ತವೆ. 8 ದಾಟಿದ್ದರೆ ಇಕ್ಸೋರಾ (ಕೇಪಳ), ಗಾರ್ಡೇನಿಯಾ ಆಸೆ ಬಿಡಿ. ಚೌಳಿಗೆಂದು ಹಾಕುವ ಜಿಪ್ಸಂ ಅನ್ನು ವರದಿ ಹೇಳದೆ ಸುರಿಯಬೇಡಿ. ಉಪ್ಪಿನ ಬಗೆ ಬೇರೆಯಾಗಿದ್ದರೆ ಅದರಿಂದ ಉಪಯೋಗವಿಲ್ಲ.

ಬಿಸಿಲಿನ ಲೆಕ್ಕದಲ್ಲಿ ಬಹಳ ಜನ ತಪ್ಪುವುದು ಮನೆಯ ಉತ್ತರದ ಬದಿಯಲ್ಲಿ. ಮೇ ತಿಂಗಳಲ್ಲಿ ನೋಡಿ "ಇಲ್ಲಿ ಒಳ್ಳೇ ಬಿಸಿಲಿದೆ" ಅಂದುಕೊಂಡು ಮಲ್ಲಿಗೆ ನೆಡುತ್ತಾರೆ. ನಮ್ಮ ಅಕ್ಷಾಂಶದಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುವುದು ಏಪ್ರಿಲ್ 20ರ ಆಸುಪಾಸಿನಿಂದ ಆಗಸ್ಟ್ 20ರ ಆಸುಪಾಸಿನವರೆಗೆ ಮಾತ್ರ. ಉಳಿದ ಎಂಟು ತಿಂಗಳು ಆ ಬದಿ ಮನೆಯ ನೆರಳಿನಲ್ಲಿರುತ್ತದೆ. ಅಲ್ಲಿಗೆ ನೆರಳು ಸಹಿಸುವ ಗಿಡವೇ ಸರಿ. ಮಲ್ಲಿಗೆ, ಸುಗಂಧರಾಜ, ಗುಲಾಬಿ, ಕಾಗದದ ಹೂವಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು.

2. ಗಿಡ ಮತ್ತು ತಳಿ ಆರಿಸಿ

ಮೊದಲು ಯಾವುದು ಬೇಡ ಅನ್ನುವುದು. ಆನ್‌ಲೈನ್‌ನಲ್ಲಿ "ಬಹುವಾರ್ಷಿಕ" ಎಂದು ಮಾರುವ ಬೀಜದ ಪೊಟ್ಟಣಗಳಲ್ಲಿ ಪಿಯೋನಿ, ಲ್ಯುಪಿನ್, ಡೆಲ್ಫಿನಿಯಂ ಇರುತ್ತವೆ. ಅವು ಹಿಮ ಬೀಳುವ ನಾಡಿನ ಗಿಡಗಳು. ಪಿಯೋನಿಗೆ ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿ ಸಿಕ್ಕಿದರೆ ಮಾತ್ರ ಮೊಗ್ಗು. ನಮ್ಮ ಡಿಸೆಂಬರ್–ಜನವರಿಯ ರಾತ್ರಿ ಅದಕ್ಕೆ ಏನೇನೂ ಸಾಲದು. ಲ್ಯಾವೆಂಡರ್‌ಗೆ ಆಸೆಪಡುವವರು ಬಹಳ. ಅದು ನಮ್ಮ ಹಿಂಗಾರಿನ ತೇವಕ್ಕೆ ಬುಡ ಕೊಳೆತು ಹೋಗುತ್ತದೆ. ಡಿಸೆಂಬರ್‌ನಲ್ಲಿ ನರ್ಸರಿಯ ತುಂಬ ಹೂಬಿಟ್ಟು ನಿಂತಿರುವ ಪೆಟೂನಿಯಾ, ಪ್ಯಾನ್ಸಿಗಳು ಬೇಸಿಗೆಗೆ ಮುಗಿಯುವ ಗಿಡಗಳು. ಚೆಂದಕ್ಕೆ ತನ್ನಿ, ಬಾಳಿಕೆಗಲ್ಲ.

ಈಗ ಬೇಕಾದವು.

ಸುಗಂಧರಾಜ. ಗಡ್ಡೆಯಲ್ಲಿ ನೀರು, ಆಹಾರ ಕೂಡಿಟ್ಟುಕೊಳ್ಳುವುದರಿಂದ ಬೇಸಿಗೆಗೆ ಹೆದರದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಕೇಳಿ ತನ್ನಿ. ಒಂಟಿ ಸುತ್ತಿನ ಹೂವಿಗೆ ಶೃಂಗಾರ್, ಪ್ರಜ್ವಲ್. ಸುತ್ತು ಹೆಚ್ಚಿರುವ ಹೂವಿಗೆ ಸುವಾಸಿನಿ, ವೈಭವ್. ಹಾರಕ್ಕೆ, ಪೂಜೆಗೆ, ಪರಿಮಳಕ್ಕೆ ಒಂಟಿ ಸುತ್ತಿನದೇ ಮೇಲು. ಹೂದಾನಿಗೆ ದಂಟು ಬೇಕೆನ್ನುವವರಿಗೆ ಇಮ್ಮಡಿ ಸುತ್ತಿನದು. ಮನೆಯಂಗಳಕ್ಕೆ ನಮ್ಮ ಮೊದಲ ಆಯ್ಕೆ ಶೃಂಗಾರ್, ಯಾಕೆಂದರೆ ಅದು ಬೇರುಗಂಟು ಜಂತುಹುಳುವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಈ ಹುಳು ಕಣ್ಣಿಗೆ ಕಾಣದಷ್ಟು ಸಣ್ಣದು, ಬೇರಿನೊಳಗೆ ಸೇರಿ ಗಂಟು ಕಟ್ಟಿಸುತ್ತದೆ. ಗಡ್ಡೆ ಕೊಳ್ಳುವಾಗ ಕೈಯಲ್ಲಿ ಹಿಡಿದು ಒತ್ತಿ ನೋಡಿ. ಎರಡರಿಂದ ಎರಡೂವರೆ ಸೆಂಟಿಮೀಟರ್ ದಪ್ಪ ಇದ್ದು, ಬಿಗಿಯಾಗಿ, ಬುಡದ ತಟ್ಟೆ ಗಟ್ಟಿಯಾಗಿರಬೇಕು. ಒತ್ತಿದರೆ ಮೆತ್ತಗಾಗುವುದು, ಬುಡದಲ್ಲಿ ಕಪ್ಪು ಕಲೆ ಇರುವುದು ಬೇಡ. ಗೋಲಿಗಿಂತ ಸಣ್ಣ ಗಡ್ಡೆ ಮೊದಲ ವರ್ಷ ಬರೀ ಎಲೆ ಬಿಡುತ್ತದೆ.

ಕನಕಾಂಬರ. ಅರೆಬಿಸಿಲಿನಲ್ಲೂ ಹೂಬಿಡುವ, ವರ್ಷದಲ್ಲಿ ಬಹುಪಾಲು ತಿಂಗಳು ಕೈಬಿಡದ ಗಿಡ. ಹಳೆಯ ನಾಟಿ ತಳಿಗೆ ಬೀಜ ಕಟ್ಟುತ್ತದೆ. ಕಾಯಿಗೆ ನೀರು ಸೋಕಿದರೆ ಸಿಡಿದು ಬೀಜ ಚೆಲ್ಲಿ, ತಾನೇ ಮೊಳೆಯುತ್ತದೆ. ಡೆಲ್ಲಿ ಕನಕಾಂಬರದ ಹೂ ದೊಡ್ಡದು, ಬಣ್ಣ ಕಡು ಕಿತ್ತಳೆ. ಆದರೆ ಅದಕ್ಕೆ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. "ಡೆಲ್ಲಿ ಕನಕಾಂಬರದ ಬೀಜ" ಎಂದು ಯಾರಾದರೂ ಪೊಟ್ಟಣ ಕೊಟ್ಟರೆ ಕೊಳ್ಳಬೇಡಿ. ಅರ್ಕಾ ಅಂಬರ, ಅರ್ಕಾ ಕನಕ ಕೂಡ ಒಳ್ಳೆಯ ತಳಿಗಳು. ಬೇರುಗಂಟು ಹುಳು ಕನಕಾಂಬರದ ದೊಡ್ಡ ಶತ್ರು. ಎರಡು–ಮೂರು ವರ್ಷಕ್ಕೊಮ್ಮೆ ಕಡ್ಡಿ ಕಟ್ಟಿ, ಬೇರೆ ಜಾಗದಲ್ಲಿ ಹೊಸದಾಗಿ ನೆಡುವುದು ಕ್ಷೇಮ.

ಮಲ್ಲಿಗೆ ಜಾತಿ. ದುಂಡುಮಲ್ಲಿಗೆ ಮಾರ್ಚ್‌ನಿಂದ ಜೂನ್–ಜುಲೈವರೆಗೆ. ಕಾಕಡ ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತದೆ, ಪರಿಮಳ ಕಡಿಮೆ. ಎಲ್ಲಕ್ಕಿಂತ ಗಟ್ಟಿ ಅದೇ. ಜಾಜಿ ಬಳ್ಳಿಗೆ ಹಬ್ಬಲು ಆಸರೆ ಬೇಕು. ಭೌಗೋಳಿಕ ಗುರುತು ಪಡೆದ ಮೈಸೂರು ಮಲ್ಲಿಗೆಯನ್ನು ಒಂದು ಮೂಲೆಯಲ್ಲಾದರೂ ಬೆಳೆಸಿ ಎಂಬುದು ನಮ್ಮ ಕೋರಿಕೆ. ಬಡಾವಣೆಗಳು ಹಬ್ಬಿ ಅದರ ತೋಟಗಳು ಕರಗುತ್ತಿವೆ. ಹೂ ಬೆಳೆಯುವವರ ಹತ್ತಿರವೇ ಕಡ್ಡಿ ಕೇಳಿ ಪಡೆಯುವುದು ನಂಬಿಕೆಯ ದಾರಿ. ನರ್ಸರಿಯಲ್ಲಿ ಈ ಹೆಸರಿನಲ್ಲಿ ಬೇರೆ ಮಲ್ಲಿಗೆಯನ್ನೂ ಕೊಡುತ್ತಾರೆ.

ದಾಸವಾಳ. ಹಳೆಯ ಕೆಂಪು, ಐದು ಎಸಳಿನ ನಾಟಿ ದಾಸವಾಳಕ್ಕೆ ಸಾಟಿಯಿಲ್ಲ. ಕುಂಡದಲ್ಲಿ ಅಂಗೈಯಗಲ ಹೂ ಬಿಟ್ಟು ನಿಂತ ಕುಳ್ಳ ಹೈಬ್ರಿಡ್‌ಗಳಲ್ಲಿ ಕೆಲವಕ್ಕೆ ಎತ್ತರ ತಡೆಯುವ ಔಷಧಿ ಕೊಟ್ಟಿರುತ್ತಾರೆ. ಅದರ ಪ್ರಭಾವ ಇಳಿದ ಮೇಲೆ ಗಿಡ ಉದ್ದ ಚಾಚಿ ಹೂ ಕಡಿಮೆಯಾಗುತ್ತದೆ. ಅವುಗಳ ಬೇರೂ ನಾಜೂಕು. ಬಣ್ಣಕ್ಕೆ ಒಂದೆರಡು ಇರಲಿ, ಬೇಲಿಗೆ ನಾಟಿಯೇ ಇರಲಿ.

ಸ್ಫಟಿಕ. ಚಳಿಗಾಲದಲ್ಲಿ ಬೇರೆಲ್ಲ ಹೂ ಕಡಿಮೆಯಾದಾಗ ನೇರಳೆ, ಬಿಳಿ, ಗುಲಾಬಿ ಬಣ್ಣದಲ್ಲಿ ಬರುವ ಈ ಹೂವನ್ನು ಈಗ ಮರೆತಿದ್ದಾರೆ. ಕಡ್ಡಿ ಚುಚ್ಚಿದರೆ ಬರುತ್ತದೆ, ವಾರಕ್ಕೊಮ್ಮೆ ನೀರು ಸಾಕು.

ನೆರಳಿನ ಉತ್ತರ ಬದಿಗೆ ಫುಟ್‌ಬಾಲ್ ಲಿಲ್ಲಿ, ನಂದಿಬಟ್ಟಲು. ನೀರು ನಿಲ್ಲುವ, ಬಚ್ಚಲು ನೀರು ಹರಿಯುವ ಜಾಗಕ್ಕೆ ಕಾಬಾಳೆ; ಬೇರೆಲ್ಲ ಕೊಳೆಯುವ ಕಡೆ ಅದು ಸೊಂಪಾಗಿ ಬೆಳೆಯುತ್ತದೆ. ದಾರಿಯ ಅಂಚಿಗೆ ಮಳೆ ಲಿಲ್ಲಿ, ನಿತ್ಯಪುಷ್ಪ. ಸುಡುವ ಪಶ್ಚಿಮದ ಕಾಂಪೌಂಡಿಗೆ ಕಾಗದದ ಹೂ. ಸೇವಂತಿಗೆಯೂ ಬುಡದ ಮರಿಗಳಿಂದ ವರ್ಷ ವರ್ಷ ಬರುತ್ತದೆ, ಆದರೆ ಅದಕ್ಕೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲು ಬೇಕು. ಬೀದಿ ದೀಪದ ಕೆಳಗೆ ನೆಟ್ಟರೆ ಗಿಡ ಬೆಳೆಯುತ್ತದೆ, ಹೂ ಬರುವುದಿಲ್ಲ.

ಕಣಗಿಲೆ ಬರಗಾಲಕ್ಕೂ ಬಗ್ಗದ ಗಿಡ. ಆದರೆ ಅದರ ಎಲೆ, ಹೂ, ಕಡ್ಡಿ, ಹಾಲು ಎಲ್ಲವೂ ವಿಷ. ಪುಟ್ಟ ಮಕ್ಕಳು, ಹಸು–ಕುರಿ ಓಡಾಡುವ ಮನೆಯಲ್ಲಿ ಬೇಡ. ಸವರಿದ ಕಡ್ಡಿಗಳನ್ನು ಒಲೆಗೆ ಹಾಕಲೂಬಾರದು.

3. ನರ್ಸರಿಯಲ್ಲಿ ಏನು ನೋಡಬೇಕು

ಹೂವಿನಿಂದ ತುಂಬಿದ ದೊಡ್ಡ ಗಿಡ ಬೇಡ. ಒಂದಡಿ ಎತ್ತರದ, ಬುಡದಿಂದ ಮೂರ್ನಾಲ್ಕು ಕವಲೊಡೆದ, ಮೊಗ್ಗಿದ್ದರೂ ಹೂವಿಲ್ಲದ ಗಿಡ ಬೇಗ ಬೇರೂರುತ್ತದೆ. ಎಲೆಯ ಹಿಂಭಾಗ ತಿರುವಿ ನೋಡಿ. ಚಿಗುರಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಪುಡಿ ಕಂಡರೆ ಅದು ಹಿಟ್ಟುತಿಗಣೆ. ಅಂಥ ಒಂದು ಗಿಡ ಮನೆಗೆ ಬಂದರೆ ಇಡೀ ಅಂಗಳಕ್ಕೆ ಹಬ್ಬುತ್ತದೆ.

ಇನ್ನು ಕವರ್ ಒಳಗಿನ ಮಣ್ಣು. ಕವರನ್ನು ಹಿಂಡಿ ನೋಡಿ, ಇಟ್ಟಿಗೆಯ ಹಾಗೆ ಗಟ್ಟಿ ಸಿಗುತ್ತದೆ. ದೂರದಿಂದ ಸಾಗಿಸುವ ಗಿಡಗಳ ಬೇರಿಗೆ ಜಿಗುಟು ಮಣ್ಣನ್ನು ಉಂಡೆ ಕಟ್ಟಿ, ಅದನ್ನು ಹಾಗೇ ಕವರಿನಲ್ಲಿ ಇಟ್ಟಿರುತ್ತಾರೆ. ಆ ಉಂಡೆಯನ್ನು ಹಾಗೆಯೇ ಗುಂಡಿಗೆ ಇಳಿಸಿದರೆ ಸುತ್ತಲಿನ ಸಡಿಲ ಮಣ್ಣಿಗೆ ಹೊಯ್ದ ನೀರು ಉಂಡೆಯ ಒಳಗೆ ಇಳಿಯುವುದಿಲ್ಲ. ಹೊರಗೆ ಒದ್ದೆ, ಬೇರಿನ ಹತ್ತಿರ ಒಣ. ನೀರು ಕೊಟ್ಟೂ ಗಿಡ ಬಾಡುವುದು ಇದರಿಂದಲೇ. ಏನು ಮಾಡಬೇಕು? ಕವರ್ ಸಮೇತ ಗಿಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ಕವರ್ ಸೀಳಿ, ಉಂಡೆಯ ಹೊರ ಪದರವನ್ನು ಬೆರಳಿನಿಂದ ಮೆಲ್ಲಗೆ ಉದುರಿಸಿ. ಮೂರನೇ ಒಂದು ಭಾಗ ಮಣ್ಣು ಕಳಚಿ, ಬೇರಿನ ತುದಿಗಳು ಹೊರಗೆ ಕಂಡರೆ ಸಾಕು. ಪೂರ್ತಿ ತೊಳೆಯಬೇಡಿ, ನೂಲಿನಂಥ ಬೇರು ಹರಿದುಹೋಗುತ್ತದೆ. ಬೇರು ಕವರಿನ ತಳದಲ್ಲಿ ಸುತ್ತು ಸುತ್ತು ಬೆಳೆದಿದ್ದರೆ ಆ ಸುತ್ತನ್ನು ಕತ್ತರಿಸಿ ಹಾಕಿ. ಬಿಟ್ಟರೆ ಅದು ಮುಂದೆ ದಪ್ಪಗಾಗಿ ಗಿಡದ ಬುಡವನ್ನೇ ಬಿಗಿಯುತ್ತದೆ.

4. ನೆಡುವ ಕಾಲ

ಆರಿದ್ರಾದಿಂದ ಪುನರ್ವಸು ಮಳೆಯವರೆಗೆ, ಅಂದರೆ ಜೂನ್ ಕೊನೆ ವಾರದಿಂದ ಜುಲೈ ನಡುವಿನ ತನಕ, ನಮ್ಮ ಕಡೆ ತುಂತುರು, ಮೋಡ, ತಂಪು ಗಾಳಿ. ಪೊದೆ ಗಿಡಗಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಿಂಗಾರಿನ ದೊಡ್ಡ ಮಳೆ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ, ಬೇಸಿಗೆ ಬರುವಷ್ಟರಲ್ಲಿ ಆಳಕ್ಕೆ ಇಳಿದಿರುತ್ತದೆ. ಸುಗಂಧರಾಜದ ಗಡ್ಡೆಗಳನ್ನು ಮೇ ಮಳೆ ಬಿದ್ದು ನೆಲ ತಣಿದ ಕೂಡಲೇ ಹಾಕಬಹುದು. ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಕೊಂಡ ಗಿಡಗಳನ್ನು ಜಿಗುಟು ಮಣ್ಣಿರುವವರು ತಕ್ಷಣ ನೆಡದೆ, ಮಳೆ ಕಡಿಮೆಯಾಗುವ ನವೆಂಬರ್‌ವರೆಗೆ ಕುಂಡದಲ್ಲೇ ಇಟ್ಟುಕೊಳ್ಳಿ. ಜನವರಿಯಿಂದ ಏಪ್ರಿಲ್‌ವರೆಗೆ ಯಾವ ಪೊದೆಯನ್ನೂ ನೆಡಬೇಡಿ.

5. ಗುಂಡಿ, ಮಣ್ಣು, ನಾಟಿ

ಪೊದೆ ಗಿಡಕ್ಕೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ತೋಡುವಾಗ ಮೇಲಿನ ಅರ್ಧದ ಮಣ್ಣನ್ನು ಒಂದು ಕಡೆ, ಕೆಳಗಿನದನ್ನು ಇನ್ನೊಂದು ಕಡೆ ಹಾಕಿ. ತುಂಬಲು ಮೇಲುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಗುಂಡಿಗೆ ನೂರೈವತ್ತು ಗ್ರಾಂ ಬೇವಿನ ಹಿಂಡಿ. ಇಷ್ಟೇ ಸಾಕು. ರಾಸಾಯನಿಕ ಗೊಬ್ಬರ ನಾಟಿಯ ದಿನ ಬೇಡ, ಎಳೆ ಬೇರು ಸುಡುತ್ತದೆ.

ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಮೂಸಿ ನೋಡಿ. ಸೆಗಣಿ ವಾಸನೆ ಇದ್ದರೆ, ಕೈಗೆ ಬಿಸಿ ತಾಗಿದರೆ ಇನ್ನೂ ಹಸಿ. ಮಳೆ ಬಿದ್ದ ನೆಲದ ವಾಸನೆ ಬಂದು ಪುಡಿಪುಡಿಯಾದರೆ ಸರಿ. ಅರೆಕಳಿತ ಗೊಬ್ಬರದ ಜತೆ ಗೊಣ್ಣೆಹುಳು ಬರುತ್ತದೆ: ಬಿಳಿ ಮೈ, ಕಂದು ತಲೆ, ಸುರುಳಿ ಸುತ್ತಿಕೊಂಡ ಹುಳು. ಅದು ಬೇರು ತಿಂದು ಮುಗಿಸಿದ ಮೇಲೆ ಗಿಡ ಒಂದೇ ವಾರದಲ್ಲಿ ಬಾಡಿ, ಎಳೆದರೆ ಕೈಗೆ ಬರುತ್ತದೆ. ಗೊಬ್ಬರವನ್ನು ನೆಲದ ಮೇಲೆ ಹರಡಿ ಕೈಯಾಡಿಸಿ, ಕಂಡ ಹುಳುಗಳನ್ನು ಆರಿಸಿ ತೆಗೆಯಿರಿ. ಹತ್ತು ನಿಮಿಷದ ಕೆಲಸ.

ಜಿಗುಟು ಮಣ್ಣಿನವರಿಗೆ ಮುಖ್ಯವಾದ ಎಚ್ಚರಿಕೆ: ಅಲ್ಲಿ ಗುಂಡಿ ತೋಡಿ ಸಡಿಲ ಗೊಬ್ಬರ–ಮರಳು ತುಂಬಿದರೆ ಆ ಗುಂಡಿ ಮಣ್ಣಿನೊಳಗೆ ಹೂತ ತಪ್ಪಲೆಯಂತೆ ಆಗುತ್ತದೆ. ಸುತ್ತಲಿನ ನೀರೆಲ್ಲ ಅದರೊಳಗೆ ಇಳಿದು, ಹೊರಗೆ ಹೋಗಲು ದಾರಿಯಿಲ್ಲದೆ ನಿಲ್ಲುತ್ತದೆ. ಮೊದಲ ಹಿಂಗಾರಿಗೇ ಬೇರು ಕೊಳೆಯುತ್ತದೆ. ಅದರ ಬದಲು ನೆಲವನ್ನು ಹಾರೆಯಿಂದ ಅರ್ಧ ಅಡಿ ಸಡಿಲ ಮಾಡಿ, ಅದರ ಮೇಲೆ ಮುಕ್ಕಾಲು ಅಡಿ ಎತ್ತರ, ಮೂರಡಿ ಅಗಲದ ಏರುಮಡಿ ಕಟ್ಟಿ. ಮಡಿಯ ಅಂಚಿಗೆ ಕಲ್ಲೋ ಹಳೆ ಇಟ್ಟಿಗೆಯೋ ಇಡಿ. ಸಿಮೆಂಟು ಮೆತ್ತಿ ಮುಚ್ಚಬೇಡಿ, ಸಂದಿಯಲ್ಲಿ ನೀರು ಬಸಿಯಬೇಕು.

ನೆಡುವ ಆಳ ಸರಳ: ಕವರಿನಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಮಾತ್ರ. ಕಾಂಡವನ್ನು ಹೂತರೆ ತೊಗಟೆ ಕೊಳೆಯುತ್ತದೆ. ಕಸಿ ಗುಲಾಬಿಯ ಕಸಿ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಲಿ. ಸುಗಂಧರಾಜದ ಗಡ್ಡೆಯನ್ನು ಮೊಳಕೆ ಮೇಲಾಗಿ ಐದಾರು ಸೆಂಟಿಮೀಟರ್ ಆಳಕ್ಕೆ, ಸಾಲಿನಿಂದ ಸಾಲಿಗೆ ಒಂದಡಿ, ಗಡ್ಡೆಯಿಂದ ಗಡ್ಡೆಗೆ ಮುಕ್ಕಾಲಡಿ ಬಿಟ್ಟು ಹಾಕಿ. ಕನಕಾಂಬರಕ್ಕೆ ಒಂದೂವರೆ ಅಡಿ, ಮಲ್ಲಿಗೆಗೆ ನಾಲ್ಕಡಿ, ದಾಸವಾಳಕ್ಕೆ ಐದಡಿ ಅಂತರ. ಮೊದಲ ವರ್ಷ ನಡುವೆ ಖಾಲಿ ಕಾಣುತ್ತದೆ. ಆ ಖಾಲಿಯಲ್ಲಿ ಚೆಂಡುಹೂ ಹಾಕಿ; ಬೇರುಗಂಟು ಹುಳುವನ್ನೂ ಅದು ತಗ್ಗಿಸುತ್ತದೆ.

ನೆಟ್ಟ ಮೇಲೆ ಸುತ್ತಲೂ ಪಾತಿ ಮಾಡಿ, ಅರ್ಧ ಬಕೆಟ್ ನೀರು ನಿಧಾನವಾಗಿ ಹೊಯ್ಯಿರಿ. ಮಣ್ಣು ಕುಸಿದ ಕಡೆ ಮತ್ತೆ ತುಂಬಿ. ಆಮೇಲೆ ಮುಚ್ಚಿಗೆ: ಕಬ್ಬಿನ ತರಗು, ತೆಂಗಿನ ನಾರು, ಒಣ ಎಲೆ, ಯಾವುದಾದರೂ ಸರಿ, ನಾಲ್ಕು ಬೆರಳು ದಪ್ಪ. ಕಾಂಡದಿಂದ ಒಂದು ಗೇಣು ದೂರ ಬಿಡಿ. ಕೆಂಪು ಮಣ್ಣಿನಲ್ಲಿ ಒಣ ತರಗು ಕಾಂಡಕ್ಕೆ ತಾಗಿದರೆ ಗೆದ್ದಲು ಅದನ್ನೇ ದಾರಿ ಮಾಡಿಕೊಂಡು ತೊಗಟೆ ತಿನ್ನುತ್ತದೆ.

6. ನೀರು

ಮೊದಲ ಎರಡು ವಾರ ಮಳೆ ಇಲ್ಲದಿದ್ದರೆ ದಿನ ಬಿಟ್ಟು ದಿನ. ಆಮೇಲೆ ವಾರಕ್ಕೆರಡು ಸಲ. ಒಂದು ವರ್ಷ ತುಂಬಿದ ಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಪೊದೆಗೆ ಒಂದು ದೊಡ್ಡ ಬಕೆಟ್.

ದಿನವೂ ಒಂದು ಚೊಂಬು ನೀರು ಹಾಕುವ ಅಭ್ಯಾಸವೇ ಗಿಡವನ್ನು ದುರ್ಬಲ ಮಾಡುವುದು. ಎರಡಿಂಚು ಮಾತ್ರ ಒದ್ದೆಯಾದ ನೆಲದಲ್ಲಿ ಬೇರು ಮೇಲೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಕಾಯುವುದು ಆ ಎರಡಿಂಚೇ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬರುವಷ್ಟರಲ್ಲಿ ಗಿಡ ಮುಗಿದಿರುತ್ತದೆ. ಹೊಯ್ಯುವಾಗ ಹೆಚ್ಚು ಹೊಯ್ದು, ನಡುವೆ ಒಣಗಲು ಬಿಡಿ. ಮಣ್ಣಿಗೆ ಒಂದು ಕಡ್ಡಿಯನ್ನು ಗೇಣುದ್ದ ಚುಚ್ಚಿ ತೆಗೆಯಿರಿ; ತುದಿಗೆ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಗಿಡ ಬೆಳೆದಂತೆ ಪಾತಿಯನ್ನೂ ದೊಡ್ಡದು ಮಾಡುತ್ತ ಹೋಗಿ, ನೀರು ಹೀರುವ ಬೇರಿನ ತುದಿಗಳು ಕೊಂಬೆಯ ಹರವಿನ ಅಂಚಿನಲ್ಲಿರುತ್ತವೆ.

ಬೋರ್ ನೀರು ಗಡಸಾಗಿದ್ದರೆ ಮಳೆಗಾಲದಲ್ಲಿ ತಾರಸಿ ನೀರನ್ನು ಪಾತಿಗೆ ತಿರುಗಿಸಿ. ಕೂಡಿದ ಉಪ್ಪು ಅದರಲ್ಲಿ ಕೆಳಗಿಳಿಯುತ್ತದೆ.

7. ಗೊಬ್ಬರ

ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಮತ್ತು ಮಳೆ ಮುಗಿಯುವ ಹೊತ್ತಿಗೆ. ಪೊದೆಗೆ ಮೂರು ಕಿಲೋ ಕೊಟ್ಟಿಗೆ ಗೊಬ್ಬರ, ನೂರು ಗ್ರಾಂ ಬೇವಿನ ಅಥವಾ ಹೊಂಗೆ ಹಿಂಡಿ. ಯೂರಿಯಾ ಹಾಕಿದರೆ ಗಿಡ ಕಡುಹಸಿರಾಗಿ ಎತ್ತರಕ್ಕೆ ಹೋಗುತ್ತದೆ, ಹೂ ಕಡಿಮೆಯಾಗುತ್ತದೆ, ಎಳೆ ಚಿಗುರಿಗೆ ಸಸ್ಯಹೇನು ಮುತ್ತುತ್ತದೆ.

8. ಸವರುವುದು

ಹೂ ಬರಲಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಸವರಿದ ತಿಂಗಳು ತಪ್ಪಿದ್ದರಿಂದ ಆದವು.

ದುಂಡುಮಲ್ಲಿಗೆಗೆ ನವೆಂಬರ್ ಕೊನೆಯಿಂದ ಡಿಸೆಂಬರ್. ಅದಕ್ಕೆ ಹತ್ತು–ಹದಿನೈದು ದಿನ ಮುಂಚೆ ನೀರು ನಿಲ್ಲಿಸಿ. ಎಲೆ ಮಂಕಾದ ಮೇಲೆ ಇಡೀ ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ಒಣಕಲು ಮತ್ತು ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆಯಿರಿ, ಉಳಿದ ಎಲೆಗಳನ್ನೂ ಉದುರಿಸಿ. ಪಾತಿ ಬಿಡಿಸಿ ಗೊಬ್ಬರ ಹಾಕಿ ನೀರು ಕೊಡಿ. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದು. ಗಿಡ ಬೋಳಾಯಿತೆಂದು ಮರುಗಿ ಅರ್ಧಂಬರ್ಧ ಕತ್ತರಿಸಿದರೆ ಹೂವೂ ಅರ್ಧಂಬರ್ಧ.

ಸ್ಫಟಿಕವನ್ನು ಹೂ ಮುಗಿದ ಜನವರಿ–ಫೆಬ್ರವರಿಯಲ್ಲಿ ಮಾತ್ರ. ಆಗಸ್ಟ್ ನಂತರ ಕತ್ತರಿ ಮುಟ್ಟಿಸಿದರೆ ಆ ವರ್ಷದ ಹೂ ಹೋಯಿತು. ಗುಲಾಬಿಗೆ ಅಕ್ಟೋಬರ್. ದಾಸವಾಳಕ್ಕೆ ಜೂನ್‌ನಲ್ಲಿ ಮೂರನೇ ಒಂದು ಭಾಗ. ಕನಕಾಂಬರದಲ್ಲಿ ಹೂ ಮುಗಿದ ತೆನೆಯನ್ನು ಬುಡದಲ್ಲಿ ಕತ್ತರಿಸುತ್ತಿರಿ. ಕಿತ್ತರೆ ಪಕ್ಕದ ಕಣ್ಣು, ಅಂದರೆ ಹೊಸ ಚಿಗುರು ಬರುವ ಗಂಟು, ಸೀಳುತ್ತದೆ. ಕಾಬಾಳೆಯಲ್ಲಿ ಹೂ ಬಿಟ್ಟು ಮುಗಿದ ದಂಟನ್ನು ನೆಲಮಟ್ಟಕ್ಕೆ ಕೊಯ್ಯಿರಿ.

9. ಏನು ಕೆಟ್ಟಿದೆ, ಯಾಕೆ

ಎಲೆಯ ನರ ಹಸಿರು, ನಡುವೆ ಹಳದಿ: ಕಬ್ಬಿಣದ ಕೊರತೆ. ಒಂದು ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಗೋಡೆಗೆ, ನೆಲಹಾಸಿಗೆ ತಾಗಿದರೆ ತುಕ್ಕಿನ ಕಲೆ ಉಳಿಯುತ್ತದೆ.

ಹಿಟ್ಟುತಿಗಣೆ: ಮೊದಲು ನೀರಿನ ಪೈಪ್ ಹಿಡಿದು ರಭಸದಿಂದ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಒಂದು ಮಿಲಿಲೀಟರ್ ಸೋಪಿನ ದ್ರವ. ಸಂಜೆ, ವಾರಕ್ಕೊಮ್ಮೆ, ಮೂರು ಸಲ. ಗಿಡಕ್ಕೆ ಇರುವೆ ಹತ್ತುತ್ತಿದ್ದರೆ ಅದನ್ನೂ ತಡೆಯಬೇಕು, ತಿಗಣೆಯನ್ನು ಕಾಯುವುದೂ ಚಿಗುರಿಗೆ ಹೊತ್ತೊಯ್ಯುವುದೂ ಅದೇ. ಬಿಸಿಲಿನಲ್ಲಿ ಎಣ್ಣೆ ಸಿಂಪಡಿಸಿದರೆ ಎಲೆ ಸುಡುತ್ತದೆ.

ಗಿಡ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಂಡರೆ ನೀರು ಬೇಕಿರಬಹುದು, ಕಡ್ಡಿ ಚುಚ್ಚಿ ನೋಡಿ. ಬೆಳಿಗ್ಗೆಯೂ ಬಾಡಿದ್ದು, ಮಣ್ಣು ಒದ್ದೆ ಇದ್ದರೆ ಬೇರು ಕೊಳೆತಿದೆ. ಇನ್ನು ನೀರು ಹಾಕಬೇಡಿ. ಬುಡದ ಮಣ್ಣು ಸರಿಸಿ ನೋಡಿ, ಕಂದು ಬಣ್ಣಕ್ಕೆ ತಿರುಗಿ ಸಿಪ್ಪೆ ಕಳಚುವ ಬೇರು ಸತ್ತದ್ದು. ಆ ಗಿಡ ಉಳಿಯುವುದು ಅಪರೂಪ, ಹಸಿರಾಗಿರುವ ಕೊಂಬೆಯಿಂದ ಕಡ್ಡಿ ಕಟ್ಟಿಕೊಳ್ಳಿ. ಉಳಿದವನ್ನು ಕಾಪಾಡಲು ಟ್ರೈಕೋಡರ್ಮ ಬಳಸಿ. ಕೊಳೆ ರೋಗ ತರುವ ಶಿಲೀಂಧ್ರವನ್ನು ಅಡಗಿಸುವ ಉಪಕಾರಿ ಶಿಲೀಂಧ್ರ ಅದು, ಪುಡಿಯಾಗಿ ಸಿಗುತ್ತದೆ. ನೂರು ಗ್ರಾಂ ಪುಡಿಯನ್ನು ಹತ್ತು ಕಿಲೋ ಕಳಿತ ಗೊಬ್ಬರಕ್ಕೆ ಬೆರೆಸಿ, ತೇವ ಮಾಡಿ, ನೆರಳಿನಲ್ಲಿ ಗೋಣಿ ಮುಚ್ಚಿ ಹದಿನೈದು ದಿನ ಇಟ್ಟು, ಗಿಡಕ್ಕೊಂದು ಬೊಗಸೆ ಹಾಕಿ.

ಕನಕಾಂಬರ ಕುಗ್ಗಿ, ಎಲೆ ಸಣ್ಣದಾಗಿ, ಬೇರಿನಲ್ಲಿ ಸಾಸಿವೆಯಿಂದ ಬಟಾಣಿ ಗಾತ್ರದ ಗಂಟು ಕಂಡರೆ ಬೇರುಗಂಟು ಹುಳು. ಬೇರು ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಒಂದು ಬೆಳೆ ಚೆಂಡುಹೂ ಬೆಳೆದ ಮೇಲೆಯೇ ಮತ್ತೆ ಕನಕಾಂಬರ.

10. ಬುಡ ಬಿಡಿಸುವುದು

ಗುಂಪುಗುಂಪಾಗಿ ಬೆಳೆಯುವ ಗಿಡಗಳಿಗೆ ನಾಲ್ಕನೇ ವರ್ಷದ ಹೊತ್ತಿಗೆ ಬುಡದಲ್ಲಿ ಇಕ್ಕಟ್ಟಾಗಿ ಹೂ ಸಣ್ಣದಾಗುತ್ತದೆ. ಕಾಬಾಳೆಯನ್ನು ಎರಡು ವರ್ಷಕ್ಕೊಮ್ಮೆ, ಸುಗಂಧರಾಜವನ್ನು ಮೂರು ವರ್ಷಕ್ಕೊಮ್ಮೆ, ಮಳೆ ಲಿಲ್ಲಿಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ.

ಸುಗಂಧರಾಜಕ್ಕೆ ಫೆಬ್ರವರಿಯಲ್ಲಿ ನೀರು ನಿಲ್ಲಿಸಿ. ಎಲೆ ಹಳದಿಯಾಗಿ ಮಲಗಿದ ಮೇಲೆ, ಗುಂಪಿನಿಂದ ಅರ್ಧ ಅಡಿ ದೂರದಲ್ಲಿ ಗುದ್ದಲಿ ಇಳಿಸಿ ಇಡೀ ಗೊಂಚಲನ್ನು ಎತ್ತಿ. ಹತ್ತಿರ ಹಾಕಿದರೆ ದೊಡ್ಡ ಗಡ್ಡೆಗಳೇ ಸೀಳುತ್ತವೆ. ಮಣ್ಣು ಕೊಡವಿ, ತೊಳೆಯದೆ, ನೆರಳಿನಲ್ಲಿ ಒಂದು ವಾರ ಒಣಗಿಸಿ. ಮಧ್ಯದ ಹಳೆಯ ಗಡ್ಡೆ ಹೂ ಕೊಟ್ಟು ಮುಗಿಸಿರುತ್ತದೆ, ಅದನ್ನು ಬಿಸಾಡಿ. ಸುತ್ತಲಿನ ಮರಿಗಳಲ್ಲಿ ಎರಡು ಸೆಂಟಿಮೀಟರಿಗಿಂತ ದಪ್ಪದವನ್ನು ನಾಟಿಗೆ ಎತ್ತಿಡಿ, ಸಣ್ಣವನ್ನು ಬೇರೆ ಮಡಿಯಲ್ಲಿ ಒಂದು ವರ್ಷ ಬೆಳೆಸಿ. ಮಂಕರಿಯಲ್ಲಿ ತೆಳ್ಳಗೆ ಹರಡಿ, ಗಾಳಿಯಾಡುವ ಕಡೆ ಇಟ್ಟು, ಹತ್ತು ದಿನಕ್ಕೊಮ್ಮೆ ಮೇಲುಕೆಳಗು ಮಾಡಿ, ಕೊಳೆತದ್ದನ್ನು ತೆಗೆಯುತ್ತಿರಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತದೆ. ಮೇ ಮಳೆ ಬಿದ್ದ ಮೇಲೆ ಮೊದಲಿನ ಮಡಿಗೆ ಹಾಕದೆ, ಬೇರೆ ಜಾಗದಲ್ಲಿ ನೆಡಿ.